ಬೈಕ್ ಮೇಲೆ ಫೋನ್: ತಪ್ಪು ಎತ್ತಿದವನದ್ದು ಮಾತ್ರವಾ, ಮಾಡಿದವರದ್ದೂ ಇದೆಯಾ?

ಹಿರಿಯೂರು: ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಪಟ್ಟಣದ ಮುಖ್ಯರಸ್ತೆ ಬದಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡವರು, ಕುತ್ತಿಗೆ ಓರೆ ಮಾಡಿ ಹೆಗಲಿಗೆ ಒತ್ತಿಕೊಂಡವರು, ಒಂದು ಕೈಲಿ ಲಗೇಜ್ ಆಟೋ ಓಡಿಸ್ತಾ ಇನ್ನೊಂದು ಕೈಲಿ ವಾಟ್ಸಾಪ್ ನೋಡುವವರು ಕಣ್ಣಿಗೆ ಬೀಳ್ತಾರೆ. ತಾಲ್ಲೂಕಿನಲ್ಲಿ ರಾಷ್ಟ್ರೀಯ ಹೆದ್ದಾರಿ 48 ಇದೆ, 150ಎ ಕೂಡ ಇದೆ. ಲಾರಿ, ಬಸ್ಸುಗಳ ಜೊತೆಯಲ್ಲೇ ಹಳ್ಳಿಯವರ ಬೈಕೂ ಓಡಬೇಕು.

ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ. ಇದರಲ್ಲಿ ಮೊಬೈಲ್ ಬಳಕೆ ಕಾರಣ ಅಂತ ದಾಖಲಾಗಿದ್ದು 3,395 ಸಾವು, ಅಂದರೆ ಶೇ 2ರಷ್ಟು. ಇಷ್ಟೇನಾ ಅನ್ನಬಹುದು. ಆದರೆ ಬಿದ್ದವನ ಫೋನ್ ಆ ಕ್ಷಣ ಕಿವಿಯಲ್ಲಿತ್ತಾ, ಜೇಬಲ್ಲಿತ್ತಾ ಅಂತ ಹೇಳೋರು ಯಾರು? ನೋಡಿದವರು ಇರಲ್ಲ, ಓಡಿಸಿದವನೇ ಉಳಿದಿರಲ್ಲ. ಕೊನೆಗೆ ಕಾಗದದಲ್ಲಿ ಉಳಿಯೋದು ‘ಅತಿವೇಗ, ಅಜಾಗರೂಕತೆ’ ಅನ್ನೋ ಎರಡು ಪದ.

ಲೆಕ್ಕ ಸರಳ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬೈಕು ಒಂದು ಸೆಕೆಂಡಿಗೆ 16 ಮೀಟರ್‌ಗಿಂತ ಹೆಚ್ಚು ಸಾಗುತ್ತೆ. ಕರೆ ಯಾರದ್ದು ಅಂತ ಮೂರು ಸೆಕೆಂಡ್ ನೋಡಿದರೆ 50 ಮೀಟರ್ ಕಣ್ಣುಮುಚ್ಚಿ ಓಡಿಸಿದ ಹಾಗೆ. ಫೋನ್ ಬಳಸುವ ಚಾಲಕರಿಗೆ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಬ್ಲೂಟೂತ್ ಹಾಕಿಕೊಂಡರೂ ದೊಡ್ಡ ವ್ಯತ್ಯಾಸ ಆಗಲ್ಲ. ಕೈ ಖಾಲಿ ಇರುತ್ತೆ, ತಲೆ ಮಾತ್ರ ಸಾಲದ ಲೆಕ್ಕದಲ್ಲೋ ಮನೆ ಜಗಳದಲ್ಲೋ ಇರುತ್ತೆ.

ಕಾನೂನು ಇಲ್ಲ ಅಂತೇನಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಫೋನ್ ಕೈಯಲ್ಲಿ ಹಿಡಿದು ಓಡಿಸೋದು ‘ಅಪಾಯಕಾರಿ ಚಾಲನೆ’. ರಾಜ್ಯದಲ್ಲಿ ಬೈಕಿಗೆ 1,500, ಕಾರಿಗೆ 3,000 ರೂಪಾಯಿ ದಂಡ ನಿಗದಿಯಾಗಿದೆ. ಮತ್ತೆ ಸಿಕ್ಕಿಬಿದ್ದರೆ 10,000. ದಾರಿ ತೋರಿಸೋ ಮ್ಯಾಪ್‌ಗೆ ಮಾತ್ರ, ಅದೂ ಗಮನ ತಪ್ಪದ ಹಾಗೆ, 2020ರಿಂದ ಅವಕಾಶ ಇದೆ. ಆದರೆ ಬಾಕಿ ದಂಡಕ್ಕೆ 2023ರಲ್ಲಿ ಶೇ 50 ರಿಯಾಯಿತಿ ಸಿಕ್ಕ ಮೇಲೆ, ‘ಇರಲಿ ಬಿಡು, ಮತ್ತೆ ಆಫರ್ ಬರುತ್ತೆ’ ಅನ್ನೋ ಧೈರ್ಯ ಜನರಿಗೆ ಬಂದಿದೆ. ಪೊಲೀಸರು ಸರ್ಕಲ್‌ನಲ್ಲಿ ಹಿಡೀಬಹುದು, ತೋಟದ ದಾರಿಯಲ್ಲಿ ಹಿಡಿಯೋರು ಯಾರು?

ಹಾಗಾಗಿ ದಂಡದಿಂದಷ್ಟೇ ಇದು ನಿಲ್ಲಲ್ಲ. ಕರೆ ಎಲ್ಲಿಂದ ಬರುತ್ತೆ ಅಂತಲೂ ನೋಡಬೇಕು. ‘ಎಲ್ಲಿದ್ದೀಯಾ? ಸಾಮಾನು ಇನ್ನೂ ಬಂದಿಲ್ಲ, ಗಿರಾಕಿ ಕಾಯ್ತಿದಾರೆ’ ಅಂತ ಅಂಗಡಿಯಿಂದ ಹೋಗುವ ಕರೆ. ‘ಬರ್ತಾ ಹಾಲು ತಗೊಂಡು ಬಾ’ ಅಂತ ಮನೆಯಿಂದ ಹೋಗುವ ಕರೆ. ಮಾಲೀಕನ ಫೋನ್ ಎತ್ತದಿದ್ದರೆ ಬೈಗುಳ ಗ್ಯಾರಂಟಿ ಅಂತ ಗೊತ್ತಿರುವ ಹುಡುಗ, ಲಾರಿ ಎದುರಿಗಿದ್ದರೂ ಎತ್ತುತ್ತಾನೆ. ಸಂಬಳಕ್ಕಿರೋನಿಗೆ ಬೇರೆ ದಾರಿ ಇರಲ್ಲ.

ಅಂಗಡಿಯವರು ಖರ್ಚಿಲ್ಲದೆ ಮಾಡಬಹುದಾದ ಕೆಲಸ ಇದೆ. ಸಾಮಾನು ಕಳಿಸುವಾಗಲೇ ಚೀಟಿ, ವಿಳಾಸ, ದುಡ್ಡಿನ ಲೆಕ್ಕ ಪೂರ್ತಿ ಹೇಳಿ ಕಳಿಸೋದು. ತಲುಪಿದ ಮೇಲೆ ಅವನೇ ಫೋನ್ ಮಾಡಲಿ ಅಂತ ಮಾತಾಡಿಕೊಳ್ಳೋದು. ಎರಡು ರಿಂಗ್‌ಗೆ ಎತ್ತಲಿಲ್ಲ ಅಂದ್ರೆ ಕಟ್ ಮಾಡಿ ಸುಮ್ಮನಾಗೋದು. ಎತ್ತಿದವನ ಹಿಂದೆ ಗಾಳಿ ಸದ್ದು, ಹಾರ್ನ್ ಕೇಳಿದರೆ ‘ಗಾಡಿ ನಿಲ್ಲಿಸಿ ಮಾಡಪ್ಪ’ ಅಂದು ಇಟ್ಟುಬಿಡೋದು. ಮನೆಯವರಿಗೂ ಇದೇ ಮಾತು.

ಐದು ನಿಮಿಷ ತಡವಾದರೆ ಗಿರಾಕಿ ಸ್ವಲ್ಪ ಗೊಣಗಬಹುದು. ಹುಡುಗ ಅಂಗಡಿಗೆ ವಾಪಸ್ ಬರ್ತಾನೆ.