ಗುಡ್ಡದ ಹೊಟ್ಟೆಯಲ್ಲಿ ಕೈ ಕುಲುಕಿದವರು

ಮಕ್ಕಳೇ, ಮರಳಿನ ಗುಡ್ಡೆಗೆ ಆ ಬದಿಯಿಂದ ಒಬ್ಬರು, ಈ ಬದಿಯಿಂದ ಒಬ್ಬರು ಕೈ ತೂರಿಸಿ ಬಿಲ ತೋಡಿದ್ದೀರಲ್ಲವೇ? ನಡುವೆ ಬೆರಳಿಗೆ ಬೆರಳು ತಾಗಿದರೆ ಎಷ್ಟು ಖುಷಿ! ಇದೇ ಆಟವನ್ನು ಕಲ್ಲಿನ ಗುಡ್ಡದ ಜೊತೆ ಆಡಿದವರ ಊರು ಗ್ರೀಸ್ ದೇಶದ ಸಾಮೋಸ್ ದ್ವೀಪದಲ್ಲಿದೆ.

ಸಾಮೋಸ್ ಇರುವುದು ಟರ್ಕಿಯ ದಡಕ್ಕೆ ತೀರಾ ಹತ್ತಿರ. ನಡುವಿನ ಸಮುದ್ರ ಒಂದು ಕಡೆ 2 ಕಿ.ಮೀ. ಕೂಡ ಅಗಲವಿಲ್ಲ. ಗಣಿತದ ಪುಸ್ತಕದಲ್ಲಿ ಬರುವ ಪೈಥಾಗೊರಸ್ ಹುಟ್ಟಿದ್ದು ಇಲ್ಲೇ. ಅವನ ಹೆಸರಿನ ಊರು ಪೈಥಾಗೊರಿಯೊ. ಅದರ ಬಂದರಿನಲ್ಲಿ ಅವನ ಪ್ರತಿಮೆ ಲಂಬಕೋನ ತ್ರಿಭುಜದ ಆಕಾರದಲ್ಲಿ ನಿಂತಿದೆ!

ಅಂಗಡಿಗಳಲ್ಲಿ ‘ಪೈಥಾಗೊರಸ್ ಬಟ್ಟಲು’ ಸಿಗುತ್ತದೆ. ಗೆರೆಯವರೆಗೆ ನೀರು ಹಾಕಿದರೆ ಸುಮ್ಮನಿರುತ್ತದೆ. ಆಸೆಪಟ್ಟು ಗೆರೆ ದಾಟಿಸಿದಿರೋ, ಅಷ್ಟೂ ನೀರು ತಳದ ತೂತಿನಿಂದ ಸುರಿದುಹೋಗುತ್ತದೆ! ಬಟ್ಟಲಿನ ನಡುವಿನ ಕಂಬದೊಳಗೆ ಬಾಗಿದ ಕೊಳವೆ ಅಡಗಿರುವುದೇ ಇದರ ಗುಟ್ಟು. ಊರಿನ ಪಶ್ಚಿಮಕ್ಕೆ ಹೇರಾ ದೇವಿಯ ಭಾರೀ ದೇವಾಲಯವಿತ್ತು. ಈಗ ಅಲ್ಲಿ ನಿಂತಿರುವುದು ಒಂದೇ ಕಂಬ.

ಇನ್ನು ಸುರಂಗಕ್ಕೆ ಬರೋಣ. ಸುಮಾರು 2,500 ವರ್ಷಗಳ ಹಿಂದೆ ಊರಿಗೆ ನೀರು ಬೇಕಿತ್ತು. ಒರತೆ ಇದ್ದದ್ದು ಗುಡ್ಡದ ಆಚೆ. ಯೂಪಲಿನೋಸ್ ಎಂಬ ಎಂಜಿನಿಯರ್ ಎರಡೂ ಕಡೆಯಿಂದ ಒಟ್ಟಿಗೇ ಗುಡ್ಡ ಕೊರೆಸಿದ. ಸುರಂಗದ ಉದ್ದ 1,036 ಮೀಟರ್. ದಿಕ್ಸೂಚಿ ಇಲ್ಲ, ಯಂತ್ರವಿಲ್ಲ. ಉಳಿ, ಸುತ್ತಿಗೆ ಮತ್ತು ಲೆಕ್ಕ, ಅಷ್ಟೇ.

ಒಂದು ಭಯವಿತ್ತು. ಎರಡು ತಂಡಗಳೂ ಒಬ್ಬರ ಪಕ್ಕ ಒಬ್ಬರು ಹಾದುಹೋಗಿಬಿಟ್ಟರೆ? ಕೊರೆಯುತ್ತಲೇ ಇರಬೇಕು, ಸೇರುವುದೇ ಇಲ್ಲ! ಅದಕ್ಕೇ ಯೂಪಲಿನೋಸ್ ನಡುವೆ ಬಂದಾಗ ನೇರ ದಾರಿ ಬಿಡಿಸಿ, ಒಂದು ದಾರಿ ಇನ್ನೊಂದನ್ನು ಅಡ್ಡ ಹಾಯುವಂತೆ ತಿರುಗಿಸಿದ. ಎತ್ತರ ತಪ್ಪಬಾರದೆಂದು ಒಂದು ಕಡೆ ಚಾವಣಿ ಎತ್ತರಿಸಿದ, ಇನ್ನೊಂದು ಕಡೆ ನೆಲ ತಗ್ಗಿಸಿದ. ಎರಡು ತಂಡಗಳೂ ಸೇರಿದವು! ಆಮೇಲೆ ಸುರಂಗದ ಬದಿಗೆ ಆಳವಾದ ಕಾಲುವೆ ತೋಡಿ, ಮಣ್ಣಿನ ಕೊಳವೆ ಹಾಕಿ ನೀರು ಹರಿಸಿದರು.

ಇಂದಿಗೂ ತಲೆಗೆ ಹೆಲ್ಮೆಟ್ ಹಾಕಿಕೊಂಡು ಇದರೊಳಗೆ ನಡೆಯಬಹುದು. ಕೆಲವು ಕಡೆ ಎಷ್ಟು ಇಕ್ಕಟ್ಟೆಂದರೆ ದೊಡ್ಡವರು ಮೈ ಮುದುಡಿಕೊಳ್ಳಬೇಕು. ನೀವಾದರೆ ಸಲೀಸಾಗಿ ಹೋಗುತ್ತೀರಿ. ಗೋಡೆಯ ಮೇಲಿನ ಉಳಿಯ ಗುರುತುಗಳನ್ನು ಮರೆಯದೆ ನೋಡಿ.

ಯೂಪಲಿನೋಸನ ಲೆಕ್ಕ ಚೆನ್ನಾಗಿಯೇ ಇತ್ತು. ಆದರೂ ‘ಒಂದು ವೇಳೆ ತಪ್ಪಿದರೆ?’ ಎಂದು ಅವನು ಮೊದಲೇ ಕೇಳಿಕೊಂಡ. ಊರಿಗೆ ನೀರು ಬಂದದ್ದು ಆ ಪ್ರಶ್ನೆಯಿಂದಲೂ ಹೌದು.