ಕಾಗದದ ಮನೆ, ಇಟ್ಟಿಗೆಯ ಮನೆ

ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಯುತ್ತಲೇ ನಮ್ಮ ಮೂರೂ ಊರುಗಳ ಕನ್ನಡ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಡಾಕ್ಟರು, ಇಂಜಿನಿಯರು ಎಂಬ ಹಳೆಯ ದಾರಿಗಳ ಜೊತೆಗೆ ವಾಸ್ತುಶಿಲ್ಪವೆಂಬುದೂ ಈಗ ಕೇಳಿಬರುತ್ತಿದೆ. ಮಗಳು ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಲೆಕ್ಕವೂ ಬರುತ್ತದೆ, ಸೇರಿಸಿಬಿಡೋಣ ಎಂದು ತಂದೆತಾಯಿಗಳು ನಿಶ್ಚಯಿಸುತ್ತಾರೆ. ಬೇಡವೆಂದು ನಾವು ಹೇಳುವವರಲ್ಲ. ಆದರೆ ಐದು ವರ್ಷ ಕಲಿತು ಹೊರಬಂದವರು ಕಚೇರಿಯ ಮೊದಲ ದಿನವೇ ತಬ್ಬಿಬ್ಬಾಗುವುದೇಕೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಶಾಲೆಯಲ್ಲಿ ವಸ್ತುಸಂಗ್ರಹಾಲಯಕ್ಕೂ ನಾಟಕಶಾಲೆಗೂ ನಕ್ಷೆ ಬರೆಸುತ್ತಾರೆ. ಅಲ್ಲಿ ಹಣ ಕೊಡುವ ಯಜಮಾನನಿಲ್ಲ, ಸಿಮೆಂಟಿನ ಬೆಲೆಯಿಲ್ಲ, ಸೋರುವ ಮಾಳಿಗೆಯಿಲ್ಲ. ಕಚೇರಿಯಲ್ಲಿ ಮೊದಲ ವರ್ಷವೆಲ್ಲ ಕಕ್ಕಸಿನ ಕೊಳವೆ, ಬಾಗಿಲು ಕಿಟಕಿಗಳ ಪಟ್ಟಿ, ನಗರಪಾಲಿಕೆಗೆ ಸಲ್ಲಿಸುವ ಕಾಗದ. ಇಲ್ಲಿಯವರು ಕಡಿಯಾ ಎಂದು ಕರೆಯುವ ಗಾರೆಯವನು ಗುಜರಾತಿಯಲ್ಲಿ ಎರಡು ಪ್ರಶ್ನೆ ಕೇಳಿದರೆ ಪದವೀಧರರ ಬಾಯಿ ಕಟ್ಟುತ್ತದೆ!

ವಿಚಿತ್ರವೆಂದರೆ ಅಹಮದಾಬಾದಿನಲ್ಲಿ 1962ರಲ್ಲಿ ವಾಸ್ತುಶಿಲ್ಪದ ಶಾಲೆ ಕಟ್ಟಿದ ಬಾಲಕೃಷ್ಣ ದೋಶಿಯವರೇ ಮುಂಬಯಿಯ ಶಾಲೆಯ ವ್ಯಾಸಂಗ ಮುಗಿಸಿದವರಲ್ಲ. ಅವರು ಪ್ಯಾರಿಸ್ಸಿಗೆ ಹೋಗಿ ಲ ಕಾರ್ಬೂಸಿಯೆಯವರ ಬಳಿ ದುಡಿದು ಕಲಿತರು. ಮೊದಲ ಎಂಟು ತಿಂಗಳು ಸಂಬಳವೂ ಇರಲಿಲ್ಲ. ಆಮೇಲೆ ಆ ಗುರುವಿನ ಕಟ್ಟಡಗಳ ಉಸ್ತುವಾರಿಗೆಂದು ಇಲ್ಲಿಗೆ ಬಂದರು. ಆಶ್ರಮ ರಸ್ತೆಯಲ್ಲಿ ಹೋಗುವಾಗ ಗಿರಣಿ ಮಾಲೀಕರ ಸಂಘದ ಕಟ್ಟಡವನ್ನು ಒಮ್ಮೆ ನಿಂತು ನೋಡಿರಿ. ಪಡುವಲಿನ ಬಿಸಿಲು ಒಳಗೆ ನುಗ್ಗದಂತೆ ರಸ್ತೆಯ ಕಡೆಯ ಕಾಂಕ್ರೀಟ್ ಹಲಗೆಗಳು ಓರೆಯಾಗಿವೆ; ನದಿಯ ಕಡೆಯವು ಗಾಳಿಗೆಂದು ನೆಟ್ಟಗಿವೆ. ಇಂಥದನ್ನು ಕಟ್ಟುವ ಜಾಗದಲ್ಲಿ ನಿಂತು ಕಲಿತ ದೋಶಿಯವರೇ ಮುಂದೆ ನಮ್ಮ ಬೆಂಗಳೂರಿನ ಐ.ಐ.ಎಂ. ಕಟ್ಟಡಕ್ಕೂ ನಕ್ಷೆ ಕೊಟ್ಟರು. 2018ರಲ್ಲಿ ಅವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು.

ಈ ಅಂತರ ಕೇವಲ ನೌಕರಿಯ ತೊಡಕಲ್ಲ. 2001ರ ಜನವರಿ 26ರಂದು ಭೂಮಿ ನಡುಗಿದ್ದು ಕಛ್‌ನಲ್ಲಿ. 200 ಕಿಲೋಮೀಟರಿಗೂ ಆಚೆಯಿದ್ದ ಅಹಮದಾಬಾದಿನಲ್ಲಿ ಬಹುಮಹಡಿ ಮನೆಗಳು ಕುಸಿದು ನೂರಾರು ಜನ ಸತ್ತರು. ಮೇಲೆ ಗೋಡೆಗಳ ಭಾರ, ಕೆಳಗೆ ಕಾರು ನಿಲ್ಲಿಸಲು ಬರಿಯ ಕಂಬಗಳು. ನಕ್ಷೆಯಲ್ಲಿ ಅಂದವಾಗಿಯೇ ಕಾಣುತ್ತದೆ. 2019ರ ಮೇ 24ರಂದು ಸೂರತ್ತಿನ ತಕ್ಷಶಿಲಾ ಆರ್ಕೇಡಿನಲ್ಲಿ ಬೆಂಕಿ ಬಿದ್ದಾಗ ಮೇಲಿನ ಪಾಠದ ಕೋಣೆಯಲ್ಲಿದ್ದ ಮಕ್ಕಳು ಕಿಟಕಿಯಿಂದ ಹಾರಿದರು. 22 ಮಂದಿ ತೀರಿಹೋದರು. ಹೊರಬರುವ ದಾರಿ ಎಲ್ಲಿ ಎಂದು ಕೇಳಬೇಕಾದವರು ಯಾರು? ಕಲಿತವರೇ ಅಲ್ಲವೆ?

ಕಾನೂನಿನ ರಕ್ಷಣೆಯೂ ಅಷ್ಟಕ್ಕಷ್ಟೆ. 1972ರ ಕಾಯಿದೆಯಂತೆ ನೋಂದಾಯಿಸಿಕೊಳ್ಳದವರು ಆರ್ಕಿಟೆಕ್ಟ್ ಎಂಬ ಹೆಸರನ್ನು ಬಳಸಬಾರದು. ಆದರೆ ಕೆಲಸವನ್ನೇ ಮಾಡಬಾರದೆಂದು ಅದು ತಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು. ಅಮೆರಿಕದಲ್ಲಿ ಪದವಿಯ ಜೊತೆಗೆ 3,740 ಗಂಟೆಗಳ ಅನುಭವ ತೋರಿಸಿ, ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ನಮ್ಮಲ್ಲಿ ಪದವಿ ಕೈಗೆ ಬಂದರೆ ನೋಂದಣಿಯೂ ಬಂದಂತೆಯೇ. ನಡುವೆ ಕಚೇರಿಯಲ್ಲಿ ಕಲಿಯಲು ಸಿಗುವುದು ಒಂದು ಸೆಮಿಸ್ಟರ್ ಮಾತ್ರ.

ಆದ್ದರಿಂದ ಆ ಕೆಲವು ತಿಂಗಳುಗಳ ಮೇಲೆ ಕಣ್ಣಿಡಿರಿ. ದೊಡ್ಡ ಹೆಸರಿನ ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಕೂರುವುದಕ್ಕಿಂತ, ವಾರಕ್ಕೆರಡು ದಿನ ಕಟ್ಟಡದ ಜಾಗಕ್ಕೆ ಕರೆದೊಯ್ಯುವ ಸಣ್ಣ ಕಚೇರಿಯೇ ಮೇಲೆಂಬುದು ನಮ್ಮ ಅಭಿಪ್ರಾಯ. ಸಂಬಳವಿಲ್ಲದೆ ದುಡಿಸಿಕೊಳ್ಳುವವರೂ ಉಂಟು. ದೋಶಿಯವರು ಹಾಗೆ ದುಡಿದರೆಂದು ಎಲ್ಲರ ಮಕ್ಕಳೂ ದುಡಿಯಬೇಕೆಂದೇನೂ ಇಲ್ಲ. ಬಸ್ಸಿನ ಖರ್ಚು, ಊಟದ ಖರ್ಚು ಕೊಡುವಿರಾ ಎಂದು ಕೇಳಲು ಸಂಕೋಚ ಬೇಡ. ಪರವೂರಿನಲ್ಲಿ ಕೋಣೆಯ ಬಾಡಿಗೆಯೇ ದೊಡ್ಡ ಹೊರೆ. ಸೂರತ್ತಿನ ಹುಡುಗಿ ಅಹಮದಾಬಾದಿನಲ್ಲಿ, ಇಲ್ಲಿಯ ಹುಡುಗ ವಡೋದರಾದಲ್ಲಿ ತರಬೇತಿಗೆ ನಿಲ್ಲಬೇಕಾದಾಗ, ಒಂದು ಕೋಣೆ ಬಿಟ್ಟುಕೊಡಬಲ್ಲ ಮನೆಯವರು ತಮ್ಮ ಹೆಸರನ್ನು ಸಂಘದ ಕಾರ್ಯದರ್ಶಿಗಳಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.