ಊಟ ಚೆನ್ನಾಗಿದೆ, ಪೈಪು ಹೇಗಿದೆ?

ಹೊಟೇಲಿನಲ್ಲಿ ಉಂಡು ಬಂದ ಮರುದಿನ ವಾಂತಿಭೇದಿ ಶುರುವಾದರೆ ನಾವೆಲ್ಲ ದೂರುವುದು ಅಡಿಗೆಯವನನ್ನು. ಎಣ್ಣೆ ಹಳೆಯದಿತ್ತು, ಪಲ್ಯ ಹಳಸಿತ್ತು ಎನ್ನುತ್ತೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಎಷ್ಟೋ ಸಲ ತಪ್ಪು ಒಲೆಯ ಮೇಲಿರುವುದಿಲ್ಲ, ಗೋಡೆಯೊಳಗಿನ ಪೈಪಿನಲ್ಲಿರುತ್ತದೆ.

ಇದಕ್ಕೆ ಹಳೆಯದೊಂದು ಉದಾಹರಣೆ ಇದೆ. 1933ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ವಿಶ್ವ ಮೇಳ ನಡೆದಾಗ ಎರಡು ದೊಡ್ಡ ಹೊಟೇಲುಗಳ ಗಿರಾಕಿಗಳಿಗೆ ಅಮೀಬಾ ಆಮಶಂಕೆ ತಗುಲಿತು. ಸುಮಾರು 1,400 ಮಂದಿ ಕಾಯಿಲೆ ಬಿದ್ದರು, ನೂರರ ಹತ್ತಿರ ಜನ ಸತ್ತರು. ತನಿಖೆ ನಡೆಸಿದಾಗ ಸಿಕ್ಕಿದ್ದೇನು? ಕುಡಿಯುವ ನೀರಿನ ವ್ಯವಸ್ಥೆಗೆ ಹೊಲಸು ನೀರು ಸೇರಲು ದಾರಿ ಕೊಟ್ಟಿದ್ದ ಕೆಟ್ಟ ಕೊಳಾಯಿ ಕೆಲಸ. ಕಾಯಿಲೆ ಕಾಣಿಸುವ ಹೊತ್ತಿಗೆ ಗಿರಾಕಿಗಳಲ್ಲಿ ಅನೇಕರು ತಮ್ಮ ತಮ್ಮ ಊರು ಸೇರಿದ್ದರು.

ನಮ್ಮಲ್ಲಿಯೂ ಇದೇ ತೊಡಕು. ಟೈಫಾಯ್ಡ್ ಜ್ವರ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಬೇಕು. ನೀರಿನಿಂದ ಬರುವ ಕಾಮಾಲೆಗೆ ಎರಡು ವಾರದಿಂದ ಎರಡು ತಿಂಗಳವರೆಗೂ ಹಿಡಿಯಬಹುದು. ಅಷ್ಟರಲ್ಲಿ ಉಂಡ ಮದುವೆಯ ನೆನಪೇ ಮಾಸಿರುತ್ತದೆ. ರೋಗಿ ಎಲ್ಲಿ ಕುಡಿದ ನೀರಿನಿಂದ ಹೀಗಾಯಿತೆಂದು ಹೇಳಲಾರ, ಮಾಲೀಕನಿಗೂ ತನ್ನ ನಳದ ದೋಷ ತಿಳಿಯುವುದಿಲ್ಲ. ಈ ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್ ಇ ತುಂಬು ಗರ್ಭಿಣಿಯರಿಗೆ ಬಂದರೆ ನೂರಕ್ಕೆ 20ರಿಂದ 25 ಮಂದಿ ಸಾಯುವ ಸಂಭವವಿದೆ. ಇದನ್ನು ಸಣ್ಣ ಮಾತೆಂದು ಯಾರೂ ತಿಳಿಯಬಾರದು.

ಹೊಲಸು ನೀರು ಶುದ್ಧ ನೀರಿಗೆ ಸೇರುವುದಾದರೂ ಹೇಗೆ? ನಮ್ಮ ಹೆಚ್ಚಿನ ಊರುಗಳಲ್ಲಿ ನಳದ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಆಗ ಪೈಪು ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಡ್ರಮ್ಮಿನಲ್ಲಿ ರಬ್ಬರು ಪೈಪು ಮುಳುಗಿದ್ದರೆ ಆ ಎಂಜಲು ನೀರು, ಗಟಾರದಲ್ಲಿ ಹಾದುಹೋಗುವ ಪೈಪಿಗೆ ಬಿರುಕಿದ್ದರೆ ಗಟಾರದ ನೀರು ಒಳಗೆ ಬರುತ್ತದೆ. ನಳಕ್ಕೇ ನೇರವಾಗಿ ಮೋಟಾರು ಜೋಡಿಸಿ ಎಳೆದರಂತೂ ಕೇಳುವುದೇ ಬೇಡ. ಕ್ಲೋರಿನ್ ಹಾಕಿದ್ದಾರಲ್ಲ ಎಂದು ನೀವು ಕೇಳಬಹುದು. ಹೊಲಸು ಹೆಚ್ಚಾದಾಗ ಕ್ಲೋರಿನ್ ಅದರಲ್ಲೇ ಖರ್ಚಾಗಿ ಹೋಗುತ್ತದೆ. ಅಮೀಬಾದ ಕೋಶಗಳಂತೂ ಮಾಮೂಲು ಪ್ರಮಾಣದ ಕ್ಲೋರಿನ್ನಿಗೆ ಜಗ್ಗುವುದಿಲ್ಲ.

ಕಲುಷಿತ ನೀರು ಏನು ಮಾಡಬಲ್ಲದೆಂಬುದನ್ನು 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ ನಮಗೆ ತೋರಿಸಿವೆ. ಎರಡೂ ಕಡೆ ಜನ ಜೀವ ಕಳೆದುಕೊಂಡರು.

ತಡೆಯುವ ನಿಯಮಗಳು ಇಲ್ಲವೆಂದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಒಂಬತ್ತನೆಯ ಭಾಗ ಮುಖ್ಯವಾಗಿ ಕೊಳಾಯಿ ಕೆಲಸದ ಬಗ್ಗೆಯೇ ಇದೆ. ಅದು ತಾನೇ ಕಾನೂನಲ್ಲ, ಸ್ಥಳೀಯ ಸಂಸ್ಥೆಗಳು ತಮ್ಮ ಉಪವಿಧಿಗಳಲ್ಲಿ ಸೇರಿಸಿಕೊಂಡಾಗ ಬಲ ಬರುತ್ತದೆ. ಆದರೆ 2011ರ ಆಹಾರ ಸುರಕ್ಷತಾ ನಿಯಮಗಳು ಕಾನೂನೇ. ಅಡಿಗೆಗೆ ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕೆಂದೂ, ಲೈಸೆನ್ಸು ಪಡೆದ ಉದ್ಯಮಗಳು ನೀರಿನ ಟಾಕಿಯನ್ನು ಕಾಲಕಾಲಕ್ಕೆ ತೊಳೆದು ದಾಖಲೆ ಇಡಬೇಕೆಂದೂ, ಕುಡಿಯುವ ನೀರಿನ ಪೈಪನ್ನು ಬೇರೆ ನೀರಿನ ಪೈಪಿನಿಂದ ಗುರುತಿಸುವಂತಿಡಬೇಕೆಂದೂ ಅವು ಹೇಳುತ್ತವೆ.

ಮಾಲೀಕರು ಇದನ್ನೆಲ್ಲ ಓದಿ ಮಾಡಬೇಕೆಂದರೆ ಆಗದ ಮಾತು. ತರಬೇತಾದ ಪ್ಲಂಬರ್ ಬೇಕಾಗುವುದು ಇಲ್ಲಿಯೇ. ಆತ ಬೋರಿನ ನೀರಿಗೂ ಕುಡಿಯುವ ನೀರಿಗೂ ಬೇರೆ ಬೇರೆ ಪೈಪು ಎಳೆಯುತ್ತಾನೆ. ನಳದ ಬಾಯಿಗೂ ತೊಟ್ಟಿಯ ಅಂಚಿಗೂ ನಡುವೆ ನಳದ ಅಗಲದ ಎರಡು ಪಟ್ಟಾದರೂ ಅಂತರ ಬಿಡುತ್ತಾನೆ. ನೀರು ಹಿಂದಕ್ಕೆ ಹರಿಯದಂತೆ ವಾಲ್ವು ಕೂಡಿಸುತ್ತಾನೆ, ಗಟಾರದ ಗಾಳಿ ಒಳಬರದಂತೆ ಟ್ರ್ಯಾಪು ಹಾಕುತ್ತಾನೆ. ಗೋಡೆ ಮುಚ್ಚುವ ಮೊದಲು ಪೈಪಿನಲ್ಲಿ ಒತ್ತಡದ ನೀರು ಬಿಟ್ಟು ಸೋರಿಕೆ ಪರೀಕ್ಷಿಸುತ್ತಾನೆ. ಟಾಕಿಗೆ ಬಿಗಿ ಮುಚ್ಚಳ, ಹೆಚ್ಚುವರಿ ನೀರು ಹೋಗುವ ಪೈಪಿಗೆ ಜಾಳಿಗೆ ಹಾಕುವುದನ್ನು ಮರೆಯುವುದಿಲ್ಲ.

ನಮ್ಮ ಶೇಡಬಾಳ, ಕಾಗವಾಡ, ಉಗಾರಗಳಲ್ಲಿ ಹೊಸ ಹೊಟೇಲು, ಮಂಗಲ ಕಾರ್ಯಾಲಯ ಕಟ್ಟುವಾಗ ಟೈಲ್ಸು, ದೀಪಗಳ ಮೇಲೆ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಪೈಪಿನ ಕೆಲಸವನ್ನು ಮಾತ್ರ ಗೌಂಡಿಯೇ ಮುಗಿಸಲಿ ಎನ್ನುತ್ತಾರೆ. ಗೌಂಡಿಯ ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಐಟಿಐಯಲ್ಲಿ ಒಂದು ವರ್ಷ ಇದನ್ನೇ ಕಲಿತು ಬಂದ ಹುಡುಗರಿದ್ದಾರೆ, ಅವರನ್ನು ಕರೆಯಬಾರದೇಕೆ? ಸಣ್ಣ ಖಾನಾವಳಿಯವನಿಗೆ ಇದು ಭಾರವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಂಥವರು ರಬ್ಬರು ಪೈಪನ್ನು ಡ್ರಮ್ಮಿನಿಂದ ಮೇಲೆತ್ತಿ ಕಟ್ಟುವುದರಿಂದ ಶುರು ಮಾಡಲಿ. ಅದಕ್ಕೆ ಕಾಸಿನ ಖರ್ಚಿಲ್ಲ. ಉಳಿದದ್ದನ್ನು ಒಂದೊಂದಾಗಿ ಮಾಡಿಸಲಿ.

ಶೇಡಬಾಳ ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಜನಿಸಿದ ಊರು. ನೀರು ಸೋಸದೆ ಕುಡಿಯಬಾರದೆಂಬ ಜೈನ ಆಚಾರ ಇಲ್ಲಿಯವರಿಗೆ ಹೊಸದಲ್ಲ. ಬಟ್ಟೆಯಲ್ಲಿ ಸೋಸಿದರೆ ಕಸ, ಹುಳು ನಿಲ್ಲುತ್ತವೆ, ರೋಗಾಣು ನಿಲ್ಲುವುದಿಲ್ಲ. ಅದಕ್ಕೆ ಕುದಿಸಲೇಬೇಕು. ಮನೆಯಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಹೊರಗೆ ಏನನ್ನೂ ಕೇಳದೆ ಲೋಟ ಎತ್ತುವುದು ಸರಿಯೇ?

ವ್ಯಾಪಾರದ ಪರವಾನಗಿ ಕೊಡುವಾಗ ಮತ್ತು ನವೀಕರಿಸುವಾಗ ತರಬೇತಾದ ಪ್ಲಂಬರ್ ಸಹಿ ಮಾಡಿದ ಪತ್ರವನ್ನು ಸ್ಥಳೀಯ ಸಂಸ್ಥೆಗಳು ಕಡ್ಡಾಯ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಅದಾಗುವವರೆಗೆ ನಿಮ್ಮ ಕೈಯಲ್ಲೂ ಒಂದು ಅಧಿಕಾರವಿದೆ. ಮಗಳ ಮದುವೆಗೆ ಕಾರ್ಯಾಲಯ ಗೊತ್ತು ಮಾಡಲು ಹೋದಾಗ ಬಾಡಿಗೆಯ ಜೊತೆಗೆ ಮೂರು ಮಾತು ಕೇಳಿ. ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಟಾಕಿ ಯಾವಾಗ ತೊಳೆದಿರಿ? ಪೈಪಿನ ಕೆಲಸ ಯಾರು ಮಾಡಿದರು? ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಮಾಲೀಕರು ಪ್ಲಂಬರನನ್ನು ಕರೆಸಿರುತ್ತಾರೆ.